ಆರು ಕಿಲೋ ಉಸುಕು

ಕುರುಗೋಡಿನ ಹೆಣ್ಣುಮಕ್ಕಳ ಶಾಲೆಯ ಆಟದ ಟೀಚರು ಕೊಟ್ರಬಸಮ್ಮ ಬೆನ್ನಿಗೆ ಉಸುಕಿನ ಚೀಲ ಕಟ್ಟಿಕೊಂಡು ನಡೆಯತೊಡಗಿದ್ದು ಎಂಬತ್ತೊಂದರ ಬೇಸಿಗೆಯಲ್ಲಿ. ಊರಿನವರು ಮೊದಲು ಯಾವುದೋ ಹರಕೆ ಇರಬೇಕೆಂದುಕೊಂಡರು. ಆಮೇಲೆ ಮದುವೆಯಾಗದೆ ತಲೆ ಕೆಟ್ಟಿದೆ ಅಂದರು. ಅವಳಿಗೆ ಇಪ್ಪತ್ತೇಳು ವರ್ಷ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ಸಾಹಸ ಸಂಘದವರು ಬರುವ ಜನವರಿಯಲ್ಲಿ ರಾಜಸ್ಥಾನದ ಮರಳುಗಾಡನ್ನು ಕಾಲ್ನಡಿಗೆಯಲ್ಲಿ ದಾಟುವವರಿದ್ದರು. ಬಿಕಾನೇರಿನಿಂದ ಜೈಸಲ್ಮೇರಿಗೆ, ಹದಿನೆಂಟು ದಿನ. ಅವಳು ಹೆಸರು ಕೊಟ್ಟಿದ್ದಳು.

ಅಪ್ಪ ಗವಿಸಿದ್ದಪ್ಪ ಬೇಡ ಅನ್ನಲಿಲ್ಲ. "ಐದು ಮಂದಿ ಗಂಡಸರ ಜೋಡಿ ಒಬ್ಬಾಕೀನ ಹೆಂಗ ಕಳಸಲಿ? ಇನ್ನೊಬ್ಬ ಹೆಣ್ಮಗಳು ಬರ್ತಾಳ ಅಂದ್ರ ಹೋಗು" ಅಂದರು. ಸಂಘದ ಕಾರ್ಯದರ್ಶಿ ಜಂಬಣ್ಣನದೂ ಅದೇ ಮಾತು. ಬಳ್ಳಾರಿಯ ಕಾಲೇಜು ಹುಡುಗಿಯರನ್ನೆಲ್ಲ ಕೇಳಿದ್ದಾಯಿತು. ಒಬ್ಬರ ಮನೆಯವರೂ ಒಪ್ಪಲಿಲ್ಲ.

ತರಬೇತಿ ಕೊಡುತ್ತಿದ್ದವರು ನಿವೃತ್ತ ಹವಾಲ್ದಾರ ದೊಡ್ಡಬಸಪ್ಪ. ಅರವತ್ತೈದರ ಯುದ್ಧದ ಹೊತ್ತಿಗೆ ಆ ಮರಳಿನಲ್ಲೇ ಇದ್ದವರು. ಭಾನುವಾರ ಬಂತೆಂದರೆ ಸಿರುಗುಪ್ಪದ ಕಡೆ ಕರೆದೊಯ್ದು, ನೀರಿಲ್ಲದ ಹಗರಿ ಹೊಳೆಯ ಉಸುಕಿನಲ್ಲಿ ನಡುಮಧ್ಯಾಹ್ನ ನಡೆಸುತ್ತಿದ್ದರು. ಪ್ರತಿಯೊಬ್ಬರ ಬೆನ್ನ ಮೇಲೂ ಹನ್ನೆರಡು ಕಿಲೋ, ಸೊಂಟದಲ್ಲಿ ಒಂದೇ ಬಾಟಲಿ ನೀರು. "ಗುಟುಕು ಬಾಯಾಗ ಇಟ್ಕೊಂಡು ನೂರು ಹೆಜ್ಜಿ ನಡಿರಿ. ಆಮ್ಯಾಲೆ ನುಂಗ್ರಿ" ಎನ್ನುತ್ತಿದ್ದರು. ಜಂಬಣ್ಣನ ತಂಗಿಯ ಮಗ ಅಯ್ಯಣ್ಣ ನೂರು ಹೆಜ್ಜೆಗೆ ಮೊದಲೇ ಬಾಟಲಿ ಖಾಲಿ ಮಾಡಿ, ಅರ್ಧ ದಾರಿಗೆ ಹವಾಲ್ದಾರರ ಸೈಕಲ್ ಹತ್ತುತ್ತಿದ್ದ.

ರಾರಾವಿಯ ಹತ್ತಿರ ಅಂಥದೊಂದು ಭಾನುವಾರ ಕೊಟ್ರಬಸಮ್ಮ ಏದುಸಿರು ಬಿಡುತ್ತ ನಡೆಯುತ್ತಿದ್ದಾಗ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬರಿಗಾಲಲ್ಲಿ ಅವಳನ್ನು ಹಿಂದೆ ಹಾಕಿ ಹೋದಳು. ಹೋದವಳು ನಿಂತು ತಿರುಗಿದಳು.

"ಚೀಲದಾಗ ಏನೈತ್ರಿ?"

"ಉಸುಕು."

"ಉಸುಕಾ? ಇಲ್ಲಿಂದ ಹೊತ್ಕೊಂಡು ಹೋಗಿ ಎಲ್ಲಿ ಹಾಕ್ತೀರಿ?"

"ಎಲ್ಲೂ ಇಲ್ಲ. ಸಂಜೀಕ ಇಲ್ಲೇ ಸುರಿತೀನಿ."

ಆ ಹೆಂಗಸು ನಕ್ಕ ನಗೆಗೆ ಹೊರೆ ಜಾರಿ ಕೆಳಗೆ ಬಿತ್ತು. ಅವಳೇ ಜಡೆಮ್ಮ. ಗಂಡ ಆದೋನಿಯಲ್ಲಿ ಇನ್ನೊಂದು ಸಂಸಾರ ಹೂಡಿದ ಮೇಲೆ ತವರಿಗೆ ಬಂದು, ತಾಯಿ ಯಂಕಮ್ಮನ ಜೊತೆ ಗದ್ದೆ ಕೂಲಿಗೆ ಹೋಗುತ್ತಿದ್ದಳು. ಮರಳುಗಾಡಿನ ಸಂಗತಿಯನ್ನೆಲ್ಲ ಕೇಳಿ ಅವಳು ಹೊರೆಯ ಮೇಲೇ ಕೂತುಬಿಟ್ಟಳು.

"ನಾನೂ ಬರಲೇನ್ರಿ? ವರ್ಷದಾಗ ಎಂಟು ತಿಂಗಳು ಕೆಸರಿನ್ಯಾಗ ನಿಂತಿರ್ತೀನಿ. ಕಾಲು ಒಣಗಿರೋ ಸೀಮಿ ಹೆಂಗಿರತೈತಿ, ಒಂದ್ಸಲ ನೋಡ್ಬೇಕು."

ಅಪ್ಪ ಕೇಳಿದ್ದ ಇನ್ನೊಬ್ಬ ಹೆಣ್ಣುಮಗಳು ಕೊಟ್ರಬಸಮ್ಮನಿಗೆ ಸಿಕ್ಕಿದ್ದಳು. ಅವಳು ಮರುವಾರವೇ ಜಡೆಮ್ಮನನ್ನು ಕಂಟೋನ್ಮೆಂಟಿಗೆ ಕರೆದುಕೊಂಡು ಹೋಗಿ ಹೆಸರು ಬರೆಸಿದಳು. ಸಂಘದಿಂದ ಒಂದು ಜೊತೆ ಕ್ಯಾನ್‌ವಾಸ್ ಬೂಟು ಕೊಟ್ಟರು. ಮೊದಲ ದಿನ ಜಡೆಮ್ಮ ಅದನ್ನು ಹಾಕಿಕೊಂಡು, ಕಾಲಿಗೆ ಕುಂಬಳಕಾಯಿ ಕಟ್ಟಿಕೊಂಡವಳಂತೆ ನಡೆದು ಎಲ್ಲರನ್ನೂ ನಗಿಸಿದಳು. ಮೂರನೆಯ ವಾರಕ್ಕೆ ಅವಳನ್ನು ಹಿಡಿಯುವವರಿರಲಿಲ್ಲ.

ಆರೇಳು ತಿಂಗಳು ಇಬ್ಬರೂ ಜೊತೆಯಾಗಿ ನಡೆದರು. ಜಡೆಮ್ಮ ಭಾನುವಾರದ ಕೂಲಿ ಬಿಟ್ಟು ಬರುತ್ತಿದ್ದಳು. ಯಂಕಮ್ಮ ಮಗಳಿಗೆ ಹುಚ್ಚು ಹಿಡಿದಿದೆಯೆಂದು ಓಣಿ ತುಂಬ ಬೈದುಕೊಂಡು ತಿರುಗುತ್ತಿದ್ದಳು. ಉಸುಕಿನಲ್ಲಿ ನಡೆಯುವುದನ್ನು ಕೊಟ್ರಬಸಮ್ಮನಿಗೆ ನಿಜವಾಗಿ ಕಲಿಸಿದವಳು ಜಡೆಮ್ಮ. "ಹಿಮ್ಮಡಿ ಊರಬ್ಯಾಡ್ರಿ ಟೀಚರಮ್ಮ. ನಾಟಿ ಗದ್ದ್ಯಾಗ ನಡದಂಗ, ಪೂರಾ ಪಾದ ಇಟ್ಟು ಪೂರಾ ಪಾದ ಎತ್ರಿ." ಬಾಯಿ ಒಣಗಿದಾಗ ಸೆರಗಿನ ಗಂಟಿನಿಂದ ಹುಣಸೆಹಣ್ಣಿನ ಚೂರು ತೆಗೆದು ಕೊಡುತ್ತಿದ್ದಳು. ಕೊಟ್ರಬಸಮ್ಮ ಅವಳಿಗೆ ಹೆಸರು ಬರೆಯಲು ಕಲಿಸಲು ಹೊರಟಳು. ಉಸುಕಿನ ಮೇಲೆ 'ಜ' ಬರೆದು 'ಡೆ'ಗೆ ಬರುವಷ್ಟರಲ್ಲಿ ಹವಾಲ್ದಾರರ ಸೀಟಿ ಕೇಳಿಸುತ್ತಿತ್ತು. ಅದು ಅಲ್ಲಿಗೇ ನಿಂತಿತು.

ನವೆಂಬರಿನಲ್ಲಿ ಕೊನೆಯ ಪರೀಕ್ಷೆ: ಸಿರುಗುಪ್ಪದಿಂದ ಕುರುಗೋಡಿಗೆ, ಒಂದೇ ದಿನದಲ್ಲಿ, ಹೊರೆಯ ಸಮೇತ. ಗಂಡಸರು ಮುಂದೆ ಹೋಗಿದ್ದರು. ಕುರುಗೋಡಿನ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ಕೊಟ್ರಬಸಮ್ಮನ ತೊಡೆಯ ಸ್ನಾಯು ಸೆಟೆದುಕೊಂಡಿತು. ರಸ್ತೆಯ ಬದಿ ಕೂತು ಅತ್ತುಬಿಟ್ಟಳು. ಜಡೆಮ್ಮ ಅವಳ ಚೀಲ ಬಿಚ್ಚಿ, ಅರ್ಧ ಉಸುಕನ್ನು ತನ್ನ ಚೀಲಕ್ಕೆ ಸುರಿದುಕೊಂಡಳು. ಆರು ಕಿಲೋಗೆ ಕಡಿಮೆಯಿರಲಿಕ್ಕಿಲ್ಲ. ಮೂರು ಮೈಲಿ ಹಾಗೇ ನಡೆದು, ಊರ ಹೊರಗೆ ಮತ್ತೆ ಉಸುಕು ವಾಪಸು ಸುರಿದಳು. ಜಂಬಣ್ಣ ತೂಕ ಮಾಡಿದಾಗ ಎರಡೂ ಚೀಲ ಸರಿಯಾಗಿದ್ದವು.

"ಯಾರಿಗೂ ಹೇಳಬ್ಯಾಡ" ಅಂದಳು ಕೊಟ್ರಬಸಮ್ಮ.

"ಹೇಳೋದೇನೈತಿ ಅದರಾಗ" ಅಂದಳು ಜಡೆಮ್ಮ.

ಡಿಸೆಂಬರಿನ ಮೊದಲ ವಾರ, ಈ ನಡಿಗೆ ಏರ್ಪಡಿಸಿದ್ದ ದಿಲ್ಲಿಯ ಸಂಸ್ಥೆಯವರಿಂದ ಪತ್ರ ಬಂತು. ಬಳ್ಳಾರಿಗೆ ಏಳಲ್ಲ, ಆರೇ ಜನರ ಜಾಗ. ಪುಣೆಯಿಂದ ಹೆಂಗಸರ ತಂಡ ಬರುತ್ತಿರುವುದರಿಂದ ಒಬ್ಬಳೇ ಹೆಣ್ಣುಮಗಳು ಬಂದರೂ ತೊಂದರೆಯಿಲ್ಲ. ಅಯ್ಯಣ್ಣನನ್ನು ಬಿಡುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಜಂಬಣ್ಣ ಕೊಟ್ರಬಸಮ್ಮನನ್ನು ಕರೆಸಿ ಒಂದು ಬಿಳಿ ಹಾಳೆ ಮುಂದಿಟ್ಟ.

"ನಿಮ್ಮಿಬ್ಬರಾಗ ಒಬ್ಬರು. ಆಕಿಗೆ ಓದಾಕ ಬರಂಗಿಲ್ಲ, ಹಿಂದಿ ಬರಂಗಿಲ್ಲ. ಆದ್ರೂ ನಾಳೆ ಯಾರಾದ್ರೂ ಬಡವಿ ಅಂತ ಬಿಟ್ರು ಅನ್ನಬಾರ್ದು ನೋಡ್ರಿ. ಜೋಡಿ ನಡದೋರು ನೀವು. ಆಕಿ ಕೈಲೆ ಆಗಂಗಿಲ್ಲ ಅಂತ ನೀವಾ ಬರ್ದು ಕೊಟ್ರ, ಮುಗೀತು."

ಕೊಟ್ರಬಸಮ್ಮ ಪೆನ್ನು ಕೈಗೆ ತೆಗೆದುಕೊಂಡಳು. ಶಾಲೆಯ ಮಕ್ಕಳೆಲ್ಲ ಅವಳಿಗೆ ಆಗಲೇ ಶುಭಾಶಯ ಹೇಳಿಯಾಗಿತ್ತು. ಆಡಿಕೊಂಡ ಓಣಿಯ ಮುಂದೆ ಮತ್ತೆ ಬರೀ ಆಟದ ಟೀಚರಾಗಿ ನಿಲ್ಲುವುದು ಅವಳಿಗೆ ಬೇಕಿರಲಿಲ್ಲ. ಜಡೆಮ್ಮ ದಣಿಯುತ್ತಾಳೆ ಎಂದಷ್ಟೇ ಬರೆಯಬೇಕೆಂದಿದ್ದಳು. ಬರೆಯುತ್ತ ಹೋದಂತೆ ಅದಕ್ಕೊಂದು ನಿದರ್ಶನ ಬೇಕೆನಿಸಿತು. ಸುಳ್ಳು ಹುಟ್ಟಿಸುವ ಕಷ್ಟವೂ ಇರಲಿಲ್ಲ. ನಡೆದದ್ದರಲ್ಲಿ ಹೆಸರುಗಳನ್ನು ಅದಲುಬದಲು ಮಾಡಿದರೆ ಸಾಕಿತ್ತು. ಕೊನೆಯ ಮೂರು ಮೈಲಿ ಜಡೆಮ್ಮನಿಂದ ಆಗದೆ, ಅವಳ ಅರ್ಧ ಹೊರೆಯನ್ನು ತಾನು ಹೊತ್ತೆನೆಂದು ಬರೆದಳು.

"ಕೆಳಗ ಆಕೀದೂ ಒಂದು ಹೆಬ್ಬೆಟ್ಟು ಹಾಕಿಸ್ಕೊಂಡು ಬರ್ರಿ" ಎಂದು ಜಂಬಣ್ಣ ಶಾಯಿಯ ಡಬ್ಬಿ ಕೊಟ್ಟ.

ರಾರಾವಿಯಲ್ಲಿ ಜಡೆಮ್ಮ ಹೊಸ ಟ್ರಂಕಿಗೆ ಬಣ್ಣದಲ್ಲಿ ಹೂವು ಬರೆಸುತ್ತಿದ್ದಳು. ಕೊಟ್ರಬಸಮ್ಮ ಹಾಳೆ ಮುಂದೆ ಹಿಡಿದು, ನಿಂತೇ ಹೇಳಿದಳು. "ದಿಲ್ಲಿಯವರು ಒಬ್ಬರನ್ನೇ ಕರದಾರ ಜಡೆಮ್ಮ. ಹಿಂದಿ ಬರೋರು ಬೇಕಂತ."

"ಈ ಕಾಗದದಾಗ ಅದನ್ನಾ ಬರದಾರೇನ್ರಿ?"

"ಹೂಂ. ಅದನ್ನಾ."

ಜಡೆಮ್ಮ ಹೆಬ್ಬೆಟ್ಟು ಒತ್ತಿದಳು. ಒಳಗೆ ಹೋಗಿ ಬೂಟುಗಳನ್ನು ತಂದಳು. ತೊಳೆದು, ಒಣಗಿಸಿ, ಒಳಗೆ ಹಳೆಯ ಬಟ್ಟೆ ತುರುಕಿಟ್ಟಿದ್ದಳು. "ಸಂಘದ್ವು. ಕೊಟ್ಟುಬಿಡ್ರಿ" ಎಂದವಳು ಸ್ವಲ್ಪ ತಡೆದು, "ಬಂದ ಮ್ಯಾಲೆ ಎಲ್ಲಾ ಹೇಳ್ಬೇಕ್ರಿ ನನಗ. ಒಂದೂ ಬಿಡಬಾರ್ದು" ಅಂದಳು.

ಮರಳುಗಾಡಿನ ಬಗ್ಗೆ ಹೇಳುವಂಥದ್ದು ಕೊಟ್ರಬಸಮ್ಮನಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಬಿಸಿಲಿಗೆಂದು ತಯಾರಾಗಿ ಹೋದವರಿಗೆ ಅಲ್ಲಿ ಎದುರಾದದ್ದು ಚಳಿ. ಬೆಳಗ್ಗೆ ಬಾಟಲಿಯ ನೀರು ಹಲ್ಲಿಗೆ ತಗುಲಿದರೆ ಜೀವ ಹೋದಂತಾಗುತ್ತಿತ್ತು. ಅಯ್ಯಣ್ಣ ನಾಲ್ಕನೆಯ ದಿನಕ್ಕೇ ಜ್ವರವೆಂದು ಸಾಮಾನಿನ ಜೀಪು ಹತ್ತಿದ. ಕೊಟ್ರಬಸಮ್ಮ ಪೂರಾ ಪಾದ ಇಟ್ಟು ಪೂರಾ ಪಾದ ಎತ್ತುತ್ತ ಹದಿನೆಂಟು ದಿನವೂ ನಡೆದಳು. ಪುಣೆಯ ಹೆಂಗಸರು, ಈ ನಡಿಗೆ ಯಾರು ಕಲಿಸಿದರು ಎಂದು ಕೇಳಿದರು. "ನಮ್ಮ ಹವಾಲ್ದಾರರು" ಅಂದಳು. ದಿಬ್ಬ ಹತ್ತಿ ಇಳಿಯುವಾಗಲೆಲ್ಲ, ಪಕ್ಕದಲ್ಲಿ ಇನ್ನೊಬ್ಬಳು ಇರಬೇಕಿತ್ತೆಂಬ ನೆನಪು ಬಂದು, ಸುತ್ತಲಿನದನ್ನು ನೋಡಲಾಗದೆ ಕಾಲ ಬುಡವನ್ನೇ ನೋಡಿಕೊಂಡು ನಡೆದಳು.

ಫೆಬ್ರವರಿಯಲ್ಲಿ ಬಳ್ಳಾರಿಯಲ್ಲಿ ಸನ್ಮಾನ. ಹಾರ, ಶಾಲು. ಜಂಬಣ್ಣ ಭಾಷಣ ಮಾಡುತ್ತ, "ನಮ್ಮ ಟೀಚರಮ್ಮನ ದೊಡ್ಡಗುಣ ನಿಮಗೆ ಗೊತ್ತಿಲ್ಲ" ಎಂದು ಶುರುಮಾಡಿ, ದಣಿದ ಕೂಲಿ ಹೆಂಗಸಿನ ಹೊರೆಯನ್ನು ಅವಳು ಹೊತ್ತ ಕಥೆಯನ್ನು ಊರು ಹೆಸರಿನ ಸಮೇತ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಯಂಕಮ್ಮನ ಜೊತೆ ಜಡೆಮ್ಮ ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ಕೊಟ್ರಬಸಮ್ಮ ಕಂಡದ್ದು ಅಷ್ಟೇ. ಮೈಕು ತನ್ನ ಕೈಗೆ ಬಂದಾಗ ಎಲ್ಲರಿಗೂ ಕೃತಜ್ಞತೆ ಹೇಳಿ ಕೂತುಬಿಟ್ಟಳು. ತಲೆಯೆತ್ತಿ ನೋಡಿದರೆ ಹಿಂದಿನ ಸಾಲಿನಲ್ಲಿ ಎರಡು ಕುರ್ಚಿ ಖಾಲಿಯಾಗಿದ್ದವು.

ಹೊರಗೆ ಹವಾಲ್ದಾರ ದೊಡ್ಡಬಸಪ್ಪ ಬೀಡಿ ಹಚ್ಚುತ್ತಿದ್ದರು. "ಅವತ್ತು ಸೈಕಲ್ ಮ್ಯಾಲೆ ನಿಮ್ಮ ಹಿಂದಾ ಬರ್ತಿದ್ನೆಮ್ಮಾ" ಅಂದರು. "ಯಾರ ಚೀಲದಿಂದ ಯಾರ ಚೀಲಕ್ಕ ಸುರದ್ರು, ನೋಡೀನಿ."

"ಮತ್ತ ಯಾಕ ಹೇಳಲಿಲ್ರಿ?"

"ನನ್ನ ಯಾರು ಕೇಳಿದ್ರು?" ಅಂದು ಅವರು ಬೇರೆ ಕಡೆ ನೋಡಿದರು.

ಒಂದು ತಿಂಗಳು ತಡೆದುಕೊಂಡು, ಕೊಟ್ರಬಸಮ್ಮ ರಾರಾವಿಗೆ ಹೋದಳು. ಗದ್ದೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದರು. ಅವಳನ್ನು ಕಂಡದ್ದೇ ಒಬ್ಬಳು, "ಏ ಜಡೆಮ್ಮ, ನಿನ್ನ ಹೊರಿ ಹೊರೋರು ಬಂದ್ರು ನೋಡಲೇ" ಅಂದಳು. ಉಳಿದವರು ನಕ್ಕರು. ಈ ಮಾತು ಇಲ್ಲಿ ಹೊಸದಲ್ಲ, ದಿನವೂ ನಡೆಯುತ್ತಿದೆಯೆಂದು ಆ ನಗೆಯಲ್ಲೇ ತಿಳಿಯುತ್ತಿತ್ತು. ಜಡೆಮ್ಮ ತಲೆಯೆತ್ತಲಿಲ್ಲ.

ಕೊಟ್ರಬಸಮ್ಮ ಚಪ್ಪಲಿ ಬಿಟ್ಟು ಬದುವಿನ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು. "ಅದು ಸುಳ್ಳ್ರವ್ವ. ದಣದಾಕಿ ನಾನು. ನನ್ನ ಹೊರಿ ಹೊತ್ತಾಕಿ ಜಡೆಮ್ಮ."

ನಗೆ ನಿಂತಿತು. ಜಡೆಮ್ಮ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತು, ಕೈಯ ಕೆಸರನ್ನು ನೋಡಿಕೊಂಡಳು.

"ಅದು ನನಗ ಗೊತ್ತಿದ್ದದ್ದಾ ಐತಲ್ರಿ, ಟೀಚರಮ್ಮ. ಇವರಿಗೆ ಹೇಳಿದ್ರಿ, ಆತು. ಬಳ್ಳಾರ್‍ಯಾಗ ಚಪ್ಪಾಳಿ ಹೊಡದ್ರಲ್ಲ, ಅವರಿಗೆ ಹೇಳ್ರಿ."

"ಹೇಳ್ತೀನಿ. ಇವತ್ತಾ ಜಂಬಣ್ಣನ ಹತ್ರ ಹೋಗ್ತೀನಿ."

"ಹೋಗ್ರಿ ಹಂಗಾರ" ಎಂದು ಜಡೆಮ್ಮ ಮತ್ತೆ ಬಗ್ಗಿದಳು.

ಕೊಟ್ರಬಸಮ್ಮ ಕುರುಗೋಡಿನ ಮೇಲೆ ಹಾದು ಹೋಗುವ ಬಸ್ಸು ಹತ್ತಿ, ಬಳ್ಳಾರಿಗೆಂದೇ ಟಿಕೆಟು ತೆಗೆದುಕೊಂಡಳು. ಜಂಬಣ್ಣನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಳು. ಕುರುಗೋಡಿನಲ್ಲಿ ಬಸ್ಸು ನಿಂತಿತು. ಅವಳ ಶಾಲೆಯ ಮೂರ್ನಾಲ್ಕು ಹುಡುಗಿಯರು ಕಿಟಕಿಯಲ್ಲಿ ಅವಳನ್ನು ಗುರುತು ಹಿಡಿದು, "ನಮ್ಮ ಟೀಚರು! ಮರಳುಗಾಡು ದಾಟಿದ ಟೀಚರು!" ಎಂದು ಜೊತೆಯಲ್ಲಿದ್ದ ಯಾರಿಗೋ ಕೂಗಿ ತೋರಿಸಿದರು. ಕಂಡಕ್ಟರು ಸೀಟಿ ಊದಲು ಕೈಯೆತ್ತಿದ.

"ತಡೀರಿ" ಅಂದಳು ಕೊಟ್ರಬಸಮ್ಮ. "ಇಲ್ಲೇ ಇಳೀತೀನಿ."