ಬಿಚ್ಚಬಾರದ ಡಬ್ಬಿ

ವಿಶಾಖಾ ನಾಲ್ಕು ತಿಂಗಳಿಂದ ಒಂದು ಕಲ್ಲಿನ ಚೂರನ್ನು ಹಿಂಡುತ್ತಿದ್ದಳು. ಅವಳ ಊರು ದೇವದುರ್ಗ. ಆ ಕಡೆಯ ಬಂಡೆಯೊಂದರಿಂದ ಬಿಡಿಸಿದ ಹಸಿರು ಖನಿಜದ ಚೂರು ಅದು. ಬರಿಗಣ್ಣಿಗೆ ಕಾಣುವುದೇ ಕಷ್ಟ. ಅದನ್ನು ಎರಡು ವಜ್ರಗಳ ಮೊನೆಗಳ ನಡುವೆ ಇಟ್ಟು, ಅಂಗೈಯಲ್ಲಿ ಹಿಡಿಸುವ ಉಕ್ಕಿನ ಡಬ್ಬಿಯಲ್ಲಿ ತಿರುಪು ಬಿಗಿದು, ಲೇಸರ್ ಬೆಳಕಿನಿಂದ ಕಾಯಿಸಿದರೆ, ಭೂಮಿಯ ಸಾವಿರ ಕಿಲೋಮೀಟರ್ ಆಳದಲ್ಲಿ ಕಲ್ಲು ಏನಾಗುತ್ತದೆ ಎಂಬುದನ್ನು ರಾಯಚೂರಿನ ಕಾಲೇಜಿನ ಕೋಣೆಯೊಂದರಲ್ಲಿ ಕೂತು ನೋಡಬಹುದಿತ್ತು. ಹಿಂದೆಲ್ಲ ಮಾಡಿದ್ದು ಕೆಟ್ಟಿತ್ತು. ಒಮ್ಮೆ ವಜ್ರ ಸೀಳಿತು, ಇನ್ನೊಮ್ಮೆ ಕಾಯಿಸುವಾಗಲೇ ಕರೆಂಟು ಹೋಯಿತು. ಈ ಸಲ ಚೂರು ಕಪ್ಪಾಗಿತ್ತು. ಒಳಗಿನ ಪರಮಾಣುಗಳು ಹೊಸದಾಗಿ ಜೋಡಿಸಿಕೊಂಡಿವೆ ಎಂದು ಅವಳಿಗೂ ಜೊತೆಗೆ ಕೆಲಸ ಮಾಡುವ ಬಸವಪ್ರಸಾದನಿಗೂ ಅನ್ನಿಸಿತ್ತು. ಖಚಿತವಾಗಬೇಕಾದರೆ ಡಬ್ಬಿಯನ್ನು ಇಂದೋರಿನ ದೊಡ್ಡ ಎಕ್ಸ್‌ರೇ ಯಂತ್ರದ ಮುಂದೆ ಇಡಬೇಕು. ಸೋಮವಾರ ಅವರ ಸರದಿ, ಶನಿವಾರ ಸಂಜೆ ರೈಲು. ಅಲ್ಲಿಯವರೆಗೆ ತಿರುಪು ಸಡಿಲಾಗಬಾರದು, ಒತ್ತಡ ಇಳಿಯಬಾರದು.

ಶುಕ್ರವಾರ ಬೆಳಿಗ್ಗೆ ಕಾಲೇಜಿನ ಆಡಳಿತ ಮಂಡಳಿಯ ಹೊಸ ಅಧ್ಯಕ್ಷರು ಬಂದರು. ಬಸವಲಿಂಗ ಎಂದು ಹೆಸರು, ಮಾನ್ವಿಯಲ್ಲಿ ಅಕ್ಕಿ ಗಿರಣಿ. ಸಭಾಂಗಣದಲ್ಲಿ ಹೊದಿಸಿದ ಶಾಲನ್ನು ಹೆಗಲ ಮೇಲೇ ಇಟ್ಟುಕೊಂಡು ನೇರ ಪ್ರಯೋಗಾಲಯಕ್ಕೆ ಬಂದರು. ಹಿಂದೆ ಪ್ರಿನ್ಸಿಪಾಲ್ ಮರಿಸ್ವಾಮಿ.

"ವಜ್ರ ಎಲ್ಲಿ ಅದಾವ ತೋರಿಸ್ರಿ" ಎಂದರು ಬಸವಲಿಂಗ.

ವಿಶಾಖಾ ಡಬ್ಬಿಯನ್ನು ತೋರಿಸಿದಳು. ಅದನ್ನು ಬಿಚ್ಚಿ ಎಂದರು ಮರಿಸ್ವಾಮಿ. ಬಿಚ್ಚಲು ಬರುವುದಿಲ್ಲ ಎಂದು ಅವಳು ಸಾವಧಾನವಾಗಿ ಹೇಳಿದಳು. ಯಾಕೆ ಎಂದರು. ಅದನ್ನೂ ಹೇಳಿದಳು. ಹೇಳಿ ಮುಗಿಸಿದ ಮೇಲೆ ಮರಿಸ್ವಾಮಿ, "ಅದೆಲ್ಲಾ ಖರೇ, ಒಂದ್ ನಿಮಿಷ ಬಿಚ್ಚಿ ಮತ್ತ ಹಾಕ್ರಿ" ಎಂದರು.

ಮಾತು ಬೆಳೆಯದಿರಲೆಂದು ಬಸವಪ್ರಸಾದ ಇನ್ನೊಂದು ಖಾಲಿ ಡಬ್ಬಿಯನ್ನು ತೆರೆದು ಮುಂದಿಟ್ಟ. ಅದರಲ್ಲಿ ಜೋಳದ ಕಾಳಿನಷ್ಟು ದೊಡ್ಡ ವಜ್ರವನ್ನು ಆಗತಾನೆ ಅಂಟಿಸಿದ್ದ. ಅಂಟು ಇನ್ನೂ ಆರಿರಲಿಲ್ಲ. "ಮುಟ್ಟಬ್ಯಾಡ್ರಿ ಸರ್" ಎನ್ನುವಷ್ಟರಲ್ಲಿ ಬಸವಲಿಂಗರು ಉಗುರಿನಿಂದ ಮೀಟಿ ನೋಡಿದರು. ವಜ್ರ ಹಾರಿ ಹೋಯಿತು.

ಎಲ್ಲರೂ ನೆಲಕ್ಕೆ ಬಗ್ಗಿದರು. ಮೇಜು ಸರಿಸಿದರು, ಚಪ್ಪಲಿ ಕೊಡವಿದರು, ಕಸಬರಿಗೆಯಲ್ಲಿ ಗುಡಿಸಿ ಧೂಳನ್ನು ಜರಡಿ ಹಿಡಿದರು. ಸಿಗಲಿಲ್ಲ. ಬಸವಲಿಂಗರು ಮತ್ತೊಂದು ಕಾರ್ಯಕ್ರಮವಿದೆ ಎಂದು ಹೊರಟುಹೋದರು.

ಅವರ ಕಾರು ಗೇಟು ದಾಟಿದ ಮೇಲೆ ಮರಿಸ್ವಾಮಿ ಮೇಜಿನ ಮೇಲಿದ್ದ ಮೊದಲ ಡಬ್ಬಿಯ ಕಡೆ ಕೈ ತೋರಿಸಿದರು. "ಅದರಾಗ ಬಿದ್ದಿರಬೇಕು. ತಗೀರಿ."

"ಅದು ಬಿಗಿದದ್ದು ಅದರೀ ಸರ್. ಗಾಳಿನೂ ಒಳಗ ಹೋಗಂಗಿಲ್ಲ, ವಜ್ರ ಹೆಂಗ ಹೋಗ್ತದ?"

"ನೋಡಿದ್ರ ಗೊತ್ತಾಗ್ತದ."

"ಬಿಚ್ಚಿದ್ರ ನಾಕ್ ತಿಂಗಳ ಕೆಲಸ ಹೋಗ್ತದ್ರಿ."

"ವಜ್ರ ಹೋದ್ರ ನನ್ನ ಕೇಳ್ತಾರ. ನಿಮ್ಮ ಕೆಲಸ ಹೋದ್ರ ಯಾರ್ ಕೇಳ್ತಾರ ಹೇಳ್ರಿ?"

ವಿಶಾಖಾಗೆ ಸಿಟ್ಟು ಬಂತು. ಆದರೂ ಡಬ್ಬಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ವಜ್ರಗಳು ಪಾರದರ್ಶಕ, ಬಿಚ್ಚದೆಯೇ ಒಳಗೆ ನೋಡಬಹುದಿತ್ತು. ಮರಿಸ್ವಾಮಿ ಒಂದು ಕಣ್ಣು ಮುಚ್ಚಿ ನೋಡಿದರು.

"ಏನೂ ಕಾಣವಲ್ದು. ಒಂದ್ ಕರೀ ಚುಕ್ಕಿ ಅದ."

"ಅದೇ ನಮ್ಮ ಕೆಲಸರೀ ಸರ್."

ಅವರು ತಲೆ ಎತ್ತಿ ಅವಳನ್ನು ನೋಡಿದರು. ತಮಾಷೆ ಮಾಡುತ್ತಿದ್ದಾಳೆಂದು ತಿಳಿದರೇನೋ. ಕಳೆದ ವಜ್ರ ಸಿಗುವ ತನಕ ಈ ಡಬ್ಬಿಯೂ ಕಾಲೇಜು ಬಿಟ್ಟು ಹೋಗಬಾರದು ಎಂದು ಹೇಳಿ, ತಾವೇ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಮತ್ತೆ ಹುಡುಕುವಾಗ ಬಸವಪ್ರಸಾದ ತಟ್ಟನೆ ಕಸಬರಿಗೆ ಕೆಳಗಿಟ್ಟ. "ಅಂಟು ಹಸೀ ಇತ್ತು. ನೆಲಕ್ಕ ಬಿದ್ದಿಲ್ಲ ಅದು. ಎಲ್ಲೆರ ಹತ್ತಿಕೊಂಡದ."

ಇಬ್ಬರಿಗೂ ಒಟ್ಟಿಗೇ ಶಾಲು ನೆನಪಾಯಿತು. ಅವನ ಬೈಕಿನಲ್ಲಿ ಕಲ್ಮಲ ದಾಟಿ ಮಾನ್ವಿಗೆ ಹೋದರು. ಬಸವಲಿಂಗರು ಗಿರಣಿಯ ಮುಂದೆ ಕೂತಿದ್ದರು.

"ಆ ಶಾಲ? ನಿನ್ನಿ ಸಂಜಿಕ ಕುರ್ಡಿ ಊರಾಗ ಒಬ್ಬರು ಟೀಚರ್‌ಗೆ ಸನ್ಮಾನ ಇತ್ರಿ. ಅವರಿಗೆ ಹೊಚ್ಚೀನಿ" ಎಂದರು. ನಾಚಿಕೆಯೇನೂ ಇರಲಿಲ್ಲ. "ದಿನಾ ಬರ್ತಾವು, ಯಾರ್ ಇಟ್ಕೋತಾರ."

ವಿಶಾಖಾ ಹಲ್ಲು ಕಚ್ಚಿ ಬೈಕು ಹತ್ತಿದಳು.

ಕುರ್ಡಿಯಲ್ಲಿ ನಿವೃತ್ತ ಶಿಕ್ಷಕಿ ಕಮರುನ್ನೀಸಾ ಅವರ ಮನೆ ಸುಲಭವಾಗಿ ಸಿಕ್ಕಿತು. ಶಾಲನ್ನು ಒಮ್ಮೆ ನೋಡಬೇಕಿತ್ತು ಎಂದಾಗ ಅವರು ಅವಳ ಮುಖ ನೋಡಿ, "ಮೊದ್ಲ ನೀರ್ ಕುಡಿಯವ್ವಾ" ಎಂದು ಲೋಟ ಕೊಟ್ಟರು. ಟ್ರಂಕಿನಿಂದ ತೆಗೆದ ಶಾಲು ಮಡಿಕೆ ಕೆಡದೆ ಹಾಗೇ ಇತ್ತು. ವಿಶಾಖಾ ಅದನ್ನು ಬಿಸಿಲಿಗೆ ಒಯ್ದು ಗೊಂಡೆಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಟಿನ ಸಣ್ಣ ಗಂಟಿನಲ್ಲಿ ವಜ್ರ ಸಿಕ್ಕಿಕೊಂಡಿತ್ತು. ಗೊಂಡೆಯ ಎಳೆ ಕತ್ತರಿಸಬೇಕಾದೀತು ಎಂದು ಅವಳು ಸಂಕೋಚಪಟ್ಟಳು. ಕಮರುನ್ನೀಸಾ ಒಳಗೆ ಹೋಗಿ ಕತ್ತರಿ ತಂದು ತಾವೇ ಕತ್ತರಿಸಿ ಕೊಟ್ಟರು.

ಬಿಸಿಲಿನಲ್ಲಿ ಹಿಡಿದು ನೋಡಿದರೆ ವಜ್ರದ ಮೊನೆಯ ಅಂಚು ಮುಕ್ಕಾಗಿತ್ತು. ಇನ್ನು ಅದು ಪ್ರಯೋಗಕ್ಕೆ ಬಾರದು. ಮಧ್ಯಾಹ್ನ ಅದನ್ನು ಮರಿಸ್ವಾಮಿಯವರ ಮುಂದಿಟ್ಟು ಈ ಮಾತು ಹೇಳಿದರೆ, "ಸಿಕ್ತಲ್ಲ, ಸಾಕು" ಎಂದು ಅವರು ನಗುತ್ತ ಕಪಾಟಿನ ಕೀಲಿ ಕೊಟ್ಟರು. ಅವಳಿಗೆ ನಗು ಬರಲಿಲ್ಲ.

ರೈಲಿನಲ್ಲಿ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಇಂದೋರಿನ ಯಂತ್ರದ ಪರದೆಯ ಮೇಲೆ, ಹಸಿರು ಖನಿಜದ ಗುರುತುಗಳಿರಬೇಕಾದಲ್ಲಿ ಬೇರೆಯೇ ಗುರುತುಗಳು ಮೂಡಿದವು. ಅವರು ಊಹಿಸಿದ ಹೊಸ ಜೋಡಣೆಯೇ ಅದು. ಬಸವಪ್ರಸಾದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡ. ಅಳೆಯುವುದೆಲ್ಲ ಮುಗಿದ ಮೇಲೆ ವಿಶಾಖಾ ತಾನೇ ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬಂದಳು. ಒತ್ತಡ ಅರ್ಧಕ್ಕೆ ಇಳಿದಾಗ ಕಪ್ಪು ತಿಳಿಯಾಗತೊಡಗಿತು; ಪೂರ್ತಿ ಇಳಿಯುವ ಮೊದಲೇ ಚೂರು ಹಸಿರಾಗಿಬಿಟ್ಟಿತು. ಶುಕ್ರವಾರ ಬಿಚ್ಚಿದ್ದರೆ ಇಲ್ಲಿಗೆ ತರಲು ಏನೂ ಉಳಿಯುತ್ತಿರಲಿಲ್ಲ. ಆ ದಿನದ ಸಿಟ್ಟು ಮತ್ತೊಮ್ಮೆ ಬಂದು, ನಿಧಾನಕ್ಕೆ ಇಳಿಯಿತು.

ಮರಿಸ್ವಾಮಿಯವರಿಗೆ ಫೋನ್ ಮಾಡಿ ಫಲಿತಾಂಶ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ಛಲೋ ಆತು. ವಜ್ರ ಎರಡೂ ಅದಾವಲ್ಲ?"

"ಅದಾವ್ರಿ ಸರ್" ಎಂದು ಫೋನ್ ಇಟ್ಟು, ಬಸವಪ್ರಸಾದನನ್ನು ಎಬ್ಬಿಸಿ ಚಹಾ ಕುಡಿಯಲು ಹೊರಟಳು.