ಕಂಕುಳ ಕೆಳಗಿನ ಕೈ

ಟಕ್, ಟಕ್, ವಾಕರಿನ ರಬ್ಬರ್ ಕಾಲುಗಳ ಸದ್ದು, ಬಂತು, ಕೊನೆಗೂ ತನಗೇ ಬಂತು ಎಂದು ನಾಗಲಕ್ಷ್ಮಮ್ಮ ದಿಂಬಿನಿಂದ ತಲೆ ಎತ್ತಿದಳು, ಸೌಮ್ಯ ಮರೆತಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಇದೇ ಆಸ್ಪತ್ರೆಯ ನರ್ಸು, ಮರೆಯುವುದುಂಟೇ — ಆದರೆ ಸದ್ದು ತನ್ನ ಮಂಚ ದಾಟಿ ಪಕ್ಕದ ಮಂಚಕ್ಕೆ ಹೋಯಿತು, ನಿನ್ನೆ ಸೊಂಟದ ಮೂಳೆಗೆ ರಾಡು ಹಾಕಿಸಿಕೊಂಡ ಮುನಿಯಮ್ಮನ ಹತ್ತಿರ, ವಾಕರು ಹಿಡಿದ ಸೌಮ್ಯ, ಹಿಂದೆಯೇ ಕ್ಯಾಮೆರಾ ಹಿಡಿದ ಆಸ್ಪತ್ರೆ ಆಫೀಸಿನ ಲೋಕೇಶ. ತನಗೂ ಹೀಗೇ, ಸೋಲೂರಿನ ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಜಾರಿ ಸೊಂಟ ಮುರಿದಾಗ ಮಾಗಡಿಯ ಸರ್ಕಾರಿ ಆಸ್ಪತ್ರೆ ಸಾಕು ಎಂದರೆ ಮಗಳು ಕೇಳಿದಳೇ, ನಮ್ಮಲ್ಲಿಗೇ ಬಾರವ್ವ, ಬಿಡದಿ ಫ್ಯಾಕ್ಟ್ರಿಗೋಳ ಪಕ್ಕ ಹೊಸದಾಗಿ ಕಟ್ಟವ್ರೆ, ವಿಮೆಯೋರು ಕೊಡ್ತಾರೆ, ನಾನಿಲ್ವಾ. ಆಪರೇಷನ್ನಿನ ಮಾರನೆಯ ಬೆಳಿಗ್ಗೆ ತಲೆ ಬಾಚಿದಳು, ಎದ್ದೇಳವ್ವ, ಭಾರಾನೆಲ್ಲ ನನ್ ಮ್ಯಾಲೆ ಬುಡು, ಕಂಕುಳ ಕೆಳಗೆ ಕೈ ಕೊಟ್ಟು ಎತ್ತಿದಳು, ಜೀವ ಹೋಗುವಂಥ ನೋವು, ಆದರೂ ನಾಗಲಕ್ಷ್ಮಮ್ಮ ನಿಂತಳು, ಮಗಳ ಮರ್ಯಾದೆ ಉಳಿಯಲಿ ಎಂದು ನಕ್ಕಳು ಕೂಡ, ಲೋಕೇಶನ ಕ್ಯಾಮೆರಾ ಕ್ಲಿಕ್, ಮಗಳ ಕೈ ಹೋಯಿತು, ವಾಕರೂ ಹೋಯಿತು.

ಆಮೇಲೆ ಬರೀ ನಾಳೆ, ನಾಳೆ ನಡೆಸ್ತೀನವ್ವ, ಒಸಿ ತಡ್ಕೊ, ತಡೆದುಕೊಂಡು ಬೆನ್ನಿನಲ್ಲಿ ಹುಣ್ಣಾಯಿತು, ಕಾಲು ಕೊರಡಾಯಿತು, ಡೈರಿಗೆ ಹಾಲಿನ ಕ್ಯಾನು ಹೊತ್ತು ನಡೆದ ಕಾಲು — ನಿನ್ನೆ ಸಂಜೆ ಬಾಗಿಲಾಚೆ ಲೋಕೇಶನ ದನಿ, ಆಪರೇಷನ್ ಮಾರ್ನೇ ದಿನ ನಿಲ್ಸಿದ ಫೋಟೋ ಕಳ್ಸಿದ್ರೆ ವಿಮೆಯೋರು ಆಸ್ಪತ್ರೆಗೆ ಮೇಲ್ದುಡ್ಡು ಕೊಡ್ತಾರೆ ಸಿಸ್ಟರ್, ದಿನಾ ನಡೆಸಿದ್ರೆ ಯಾರು ಕೊಡ್ತಾರೆ, ಸೌಮ್ಯ ಜಗಳವಾಡುತ್ತಾಳೆ ಎಂದು ಕಾದಳು, ಹೂಂ, ಅವ್ವನ ಫೋಟೋ ಚೆನ್ನಾಗಿ ಬಂದೈತಾ ಎಂದಳು ಮಗಳು, ಅಷ್ಟೇ. ತಾನೇ ಕಲಿಸಿದ್ದಲ್ಲವೇ ಅವಳಿಗೆ ಹಾಲು ಕರೆಯುವುದನ್ನು, ಕರುವನ್ನು ಕೆಚ್ಚಲಿಗೆ ಬಿಡು, ಹಾಲು ಇಳಿದ ಕೂಡಲೇ ಎಳೆದು ಗೂಟಕ್ಕೆ ಕಟ್ಟು, ಕರು ಎಷ್ಟು ಹೊತ್ತು ಕೂಗುತ್ತಿತ್ತು, ತಾವಿಬ್ಬರೂ ತಿರುಗಿ ನೋಡುತ್ತಿರಲಿಲ್ಲ.

ಎದ್ದೇಳವ್ವ, ಪಕ್ಕದ ಮಂಚದಲ್ಲಿ ಅದೇ ದನಿ, ಅದೇ ಅಕ್ಕರೆ, ಭಾರಾನೆಲ್ಲ ನನ್ ಮ್ಯಾಲೆ ಬುಡು — ಹಾಗಾದರೆ ಅದು ತನಗೆ ಹೇಳಿದ ಮಾತಲ್ಲ, ಎಲ್ಲರಿಗೂ ಹೇಳುವ ಮಾತು, ತನ್ನ ಮಗಳು ತನ್ನ ಮುಂದೆಯೇ, ನಾಚಿಕೆಯಿಲ್ಲದೆ. ನಗಬ್ಯಾಡ ಕಣೇ ಮುನಿಯಮ್ಮ ಎಂದು ಕೂಗಬೇಕು ಎನ್ನುವಷ್ಟರಲ್ಲಿ ಮುನಿಯಮ್ಮ ಆಗಲೇ ನಗುತ್ತಿದ್ದಳು, ಅವಳ ಕಂಕುಳ ಕೆಳಗೆ ಸೌಮ್ಯಳ ಕೈ, ಕ್ಲಿಕ್, ಆ ಕೈ, ಜಾರಿ ಹೊರಗೆ ಬರುತ್ತಿರುವ ಆ ಕೈ.