ಗಂಡನೆದುರು ನಿಂತದ್ದು

ನಾನು ಚುನಾವಣೆಯಲ್ಲಿ ನನ್ನ ಗಂಡನ ಎದುರು ನಿಂತದ್ದು ಸಿಟ್ಟಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನ ಮೇಲಿನ ಪ್ರೀತಿಯಿಂದ ನಿಂತಳು ಎಂದು ಯಾರಾದರೂ ಹೊಗಳಿದರೆ ನಂಬಬೇಡಿ. ಪ್ರೀತಿಯೂ ಇತ್ತು, ಆದರೆ ಸಿಟ್ಟು ಅದಕ್ಕಿಂತ ಬೇಗ ಎದ್ದಿತ್ತು.

ನನ್ನ ಗಂಡ ಸೇಗೊ ಹದಿನಾರು ವರ್ಷದಿಂದ ನಮ್ಮ ತೊಗಾಜಿಮಾ ದ್ವೀಪದ ಅಧ್ಯಕ್ಷ. ನಾಲ್ಕು ಸಲವೂ ಎದುರಾಳಿಯೇ ಇಲ್ಲದೆ ಗೆದ್ದವನು. ಎಂಬತ್ತೊಂದು ಜನರ ದ್ವೀಪಕ್ಕೆ ಅಧ್ಯಕ್ಷನಾಗಲು ಯಾರು ಬಡಿದಾಡುತ್ತಾರೆ ಹೇಳಿ? ಕಗೊಶಿಮಾ ಪಟ್ಟಣದಲ್ಲಿ ಒಂದು ಗಂಟೆಯ ಸಭೆ ಇದ್ದರೆ ಹೋಗಲು ಹದಿಮೂರು ಗಂಟೆ, ಬರಲು ಹದಿಮೂರು ಗಂಟೆ, ದಾರಿಯುದ್ದಕ್ಕೂ ವಾಂತಿ. ನಡುವೆ ಸಮುದ್ರ ಕೆರಳಿತೋ, ವಾರಗಟ್ಟಲೆ ಅಲ್ಲೇ ಹೋಟೆಲು ವಾಸ. ಈ ಸಲ ಮೇ ತಿಂಗಳಲ್ಲಿ ಹಾಗೆ ಹೋದವನ ಹಡಗು ನಮ್ಮ ಬಂದರಿನ ಬಾಯಿಯವರೆಗೆ ಬಂದು, ಅಲೆ ನೋಡಿ, ಹಾಗೇ ತಿರುಗಿಕೊಂಡು ಹೋಯಿತು. ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ನಾನು ಹೆಲ್ಮೆಟ್ ಹಾಕಿಕೊಂಡು ಎಲ್ಲರ ಜೊತೆ ಹಡಗು ಕಟ್ಟುವ ಹಗ್ಗ ಹಿಡಿಯಲು ದಡದಲ್ಲಿ ನಿಂತಿದ್ದೆ. ಅವನು ಹಡಗಿನಿಂದ ಕೈ ಬೀಸಿದ, ನಾನೂ ಬೀಸಿದೆ, ಅವನು ಕೈ ಬೀಸುತ್ತಲೇ ಚಿಕ್ಕವನಾಗುತ್ತಾ ಹೋದ. ದಡದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು ಎಂದು ಆಮೇಲೆ ಗೊತ್ತಾಯಿತು.

ಹದಿಮೂರನೆಯ ದಿನ ಮನೆಗೆ ಬಂದವನು ಚಪ್ಪಲಿ ಬಿಡುವುದಕ್ಕೂ ಮುಂಚೆ ಹೇಳಿದ: "ಫುಮಿಯೆ, ಊರ ಕಚೇರೀನ ಕಗೊಶಿಮಾಕ್ಕೇ ಸಾಗಿಸ್ಬಿಡ್ತೀನಿ. ಈ ಸಲ ಗೆದ್ದ ತಕ್ಷಣ ಮೊದಲನೇ ಕೆಲಸ ಅದೇ."

"ಊರು ಇಲ್ಲಿ, ಕಚೇರಿ ಅಲ್ಲಿ?"

"ಬೇರೆ ದ್ವೀಪದೋರೂ ಮಾಡ್ಕೊಂಡಿದಾರೆ. ಆರಾಮಾಗಿದಾರೆ."

"ಅವ್ರ ಕಥೆ ನಂಗೆ ಬೇಡ ರೀ. ಕಚೇರಿ ಹೋದ್ರೆ ಗುಮಾಸ್ತ ಹಿರಾಟಾ ಹೋಗ್ತಾನೆ, ಅವನ ಹೆಂಡ್ತಿ ಹೋಗ್ತಾಳೆ, ಅವನ ಎರಡು ಮಕ್ಳು ಹೋಗ್ತವೆ. ಶಾಲೇಲಿ ಇರೋದೇ ಐದು ಮಕ್ಳು. ಆಮೇಲೆ ಶಾಲೆ ಹೋಗುತ್ತೆ, ಮೇಷ್ಟ್ರು ಹೋಗ್ತಾರೆ, ನರ್ಸಮ್ಮ ಹೋಗ್ತಾಳೆ. ನಾವೂ ಹೋಗ್ಬೇಕು. ಕೊನೆಗೆ ಮೇಕೆಗಳಿಗೆ ಅಧ್ಯಕ್ಷ ಆಗ್ತೀರಾ?"

"ಮೇಕೆಗಳು ಇಷ್ಟು ಮಾತಾಡಲ್ಲ," ಎಂದ.

ಅಷ್ಟೇ ಸಾಕಾಯಿತು. ಮಾರನೆಯ ಬೆಳಿಗ್ಗೆ ಕಚೇರಿಗೆ ಹೋಗಿ ಹಿರಾಟಾನ ಮೇಜಿನ ಮುಂದೆ ಕೂತು ನಾಮಪತ್ರದ ಅರ್ಜಿ ಕೊಡು ಎಂದೆ. ಅವನು ನನ್ನ ಮುಖ ನೋಡಿದ, ಒಳಕೋಣೆಯಲ್ಲಿ ಕೂತಿದ್ದ ಅಧ್ಯಕ್ಷರ ಬೆನ್ನು ನೋಡಿದ, ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡ. ಅರ್ಜಿ ಎಲ್ಲಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಹದಿನಾರು ವರ್ಷದಿಂದ ಯಾರೂ ಕೇಳಿರಲಿಲ್ಲವಲ್ಲ. ಮತಪೆಟ್ಟಿಗೆಯಂತೂ ಶಾಲೆಯ ಅಡುಗೆಮನೆಯಲ್ಲಿ ಸಿಕ್ಕಿತು. ಅಲ್ಲಿ ಅಡುಗೆ ಮಾಡುವವಳು ನಾನೇ. ಅದರೊಳಗೆ ಆರು ವರ್ಷದಿಂದ ಒಣ ಅಣಬೆ ತುಂಬಿಡುತ್ತಿದ್ದವಳೂ ನಾನೇ.

ನಿಜ ಹೇಳಲೇ? ನಾನು ಹುಟ್ಟಿದ್ದು ಆ ಕಗೊಶಿಮಾದಲ್ಲೇ. ಮೂವತ್ತೆಂಟು ವರ್ಷದ ಹಿಂದೆ ಮದುವೆಯಾಗಿ ಇಲ್ಲಿಗೆ ಬಂದಾಗ ಒಂದು ವರ್ಷ ದಿನಾ ಅತ್ತಿದ್ದೇನೆ. ಕಾಲಿಟ್ಟಲ್ಲಿ ಹಬೆಯಾಡುವ ಜ್ವಾಲಾಮುಖಿಯ ನೆಲ, ಎತ್ತ ನೋಡಿದರೂ ನೀರು, ಮನೆಯೊಳಗೆ ಅತ್ತೆ. ಈಗ ಇಲ್ಲಿಂದ ಎದ್ದು ಹೋಗು ಎಂದರೆ ನನ್ನ ಜೀವ ಹೋದಂತೆಯೇ. ಆದರೆ ಹಾಗೆಂದು ನಾನು ಮೈಕಿನಲ್ಲಿ ಹೇಳಿದರೆ ಜನ ನಂಬುತ್ತಾರೆಯೇ? ನನ್ನ ಅತ್ತೆ ತೊಮೆ, ತೊಂಬತ್ತೆರಡು ವರ್ಷದವರು, ಈ ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ನಾನು ಅವರ ಬಾಯಲ್ಲಿ ಯಾವಾಗಲೂ ‘ಪಟ್ಟಣದೋಳು’.

"ಪಟ್ಟಣದೋಳು ಚುನಾವಣೆಗೆ ನಿಂತಿದಾಳಂತೆ," ಎಂದು ಅವರು ಕೋಲೂರಿಕೊಂಡು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. "ನನ್ನ ಓಟಂತೂ ನನ್ನ ಮಗನಿಗೇ."

ಪ್ರಚಾರಕ್ಕೆ ಐದು ದಿನ. ದ್ವೀಪದಲ್ಲಿ ಮೈಕು ಕಟ್ಟಬಹುದಾದ ಗಾಡಿ ಒಂದೇ, ಮೀನುಗಾರ ಮಾತ್ಸುವಿನ ಪುಟ್ಟ ಲಾರಿ. ಆದ್ದರಿಂದ ಬೆಳಿಗ್ಗೆ ಸೇಗೊ, ಮಧ್ಯಾಹ್ನ ನಾನು. ಡ್ರೈವರೂ ಮಾತ್ಸುವೇ, ಮೈಕಿನಲ್ಲಿ ಕೂಗುವವನೂ ಮಾತ್ಸುವೇ. ಹೆಸರು ಬರೆದ ಬಟ್ಟೆಪಟ್ಟಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡು, ಅಭ್ಯರ್ಥಿಗಳ ಪದ್ಧತಿಯಂತೆ ಬಿಳಿ ಕೈಗವಸು ತೊಟ್ಟು, ನಾಲ್ಕು ಕಿಲೋಮೀಟರಿನ ಒಂದೇ ರಸ್ತೆಯಲ್ಲಿ ಆ ತುದಿಯಿಂದ ಈ ತುದಿಗೆ ಕೈ ಬೀಸುತ್ತಾ ಹೋಗುವುದು. ಮೂರನೆಯ ದಿನದ ಹೊತ್ತಿಗೆ ಮಾತ್ಸುವಿನ ತಲೆ ಕಲಸಿಹೋಗಿ, "ಕಚೇರೀನ ಇಲ್ಲೇ ಉಳಿಸಿ ಅಲ್ಲಿಗೆ ಸಾಗಿಸೋ ಅರಿಕಾವಾ ಅವರಿಗೇ ನಿಮ್ಮ ಓಟು!" ಎಂದು ಕೂಗಿಬಿಟ್ಟ. ಅರಿಕಾವಾ ನಮ್ಮಿಬ್ಬರದೂ ಮನೆತನದ ಹೆಸರು, ಯಾರೂ ತಿದ್ದಲಿಲ್ಲ. ಎಲ್ಲರೂ ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು.

ಮನೆಯೊಳಗೂ ಅದೇ ಗೋಳು. ಮುಂದಿನ ಕೋಣೆ ಅವನ ಪ್ರಚಾರ ಕಚೇರಿ, ಅಡುಗೆಮನೆ ನನ್ನದು. ಮುಂಬಾಗಿಲಿನಿಂದ ಬಂದವರು ಅವನಿಗೆ ಬಗ್ಗಿ ವಂದಿಸಿ, ನಾನು ಕೊಟ್ಟ ಚಹಾ ಕುಡಿದು, ಹಿತ್ತಿಲ ಬಾಗಿಲಿನಿಂದ ಹೋಗುವಾಗ ನನಗೆ ಬಗ್ಗಿ ವಂದಿಸಿ ಹೋಗುತ್ತಿದ್ದರು. ನಾವಿಬ್ಬರೂ ಊಟಕ್ಕೆ ಮಾತ್ರ ಎದುರುಬದುರು ಕೂರುತ್ತಿದ್ದೆವು.

"ಹಾರುಮೀನಿಗೆ ಉಪ್ಪು ಜಾಸ್ತಿ ಆಯ್ತು," ಎಂದ ಒಂದು ದಿನ.

"ವಿರೋಧ ಪಕ್ಷದ ಅಡುಗೆ. ಬೇಕಿದ್ರೆ ತಿನ್ನಿ."

ಪಾಪ ಜನ! ಅವರ ಕಷ್ಟವೂ ಸಣ್ಣದಲ್ಲ. ದೋಣಿಯ ಎಂಜಿನ್ ಕೆಟ್ಟರೆ ರಿಪೇರಿ ಮಾಡುವವನು ದ್ವೀಪದಲ್ಲಿ ಸೇಗೊ ಒಬ್ಬನೇ. ತಲೆಗೂದಲು ಕತ್ತರಿಸುವವಳು ನಾನೊಬ್ಬಳೇ. ಆ ವಾರ ನನ್ನ ಕತ್ತರಿಯ ಕೆಳಗೆ ಕೂತ ಗಂಡಸರೆಲ್ಲ, "ಅಕ್ಕಾ, ಓಟು ನಿಮಗೇ, ಕಿವಿ ಹುಷಾರು," ಎನ್ನುತ್ತಿದ್ದರು. ಅವರೇ ಸಂಜೆ ಬಂದರಿನಲ್ಲಿ ಸೇಗೊನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿರುತ್ತಿದ್ದರು.

ಕೆಡಿಸಿದವನು ಹಿರಾಟಾ. ಮತದಾನದ ಹಿಂದಿನ ದಿನ ಶಾಲೆಯ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ ನಿಯಮ ವಿವರಿಸಿದ. ಚೀಟಿಯ ಮೇಲೆ ಅಭ್ಯರ್ಥಿಯ ಹೆಸರನ್ನು ನಿಮ್ಮ ಕೈಯಾರೆ ಬರೆಯಬೇಕು, ಇಬ್ಬರ ಮನೆತನದ ಹೆಸರೂ ಅರಿಕಾವಾ ಆದ್ದರಿಂದ ದಯವಿಟ್ಟು ಪೂರ್ತಿ ಬರೆಯಿರಿ, ಹೆಸರಿನ ಜೊತೆ ಬೇರೇನೂ ಗೀಚಬೇಡಿ, ಗೀಚಿದರೆ ಓಟು ರದ್ದು ಎಂದ.

ಮಾತ್ಸು ಕೈ ಎತ್ತಿದ. "ಬರೀ ಅರಿಕಾವಾ ಅಂತ ಬರೆದ್ರೆ ಹಾಳಾಗುತ್ತಾ?"

"ಹಾಳಾಗಲ್ಲ. ಅದನ್ನ ಇಬ್ಬರಿಗೂ ಹಂಚ್ತೀವಿ. ಪೂರ್ತಿ ಹೆಸರಿನ ಓಟು ಇಬ್ಬರಿಗೂ ಎಷ್ಟೆಷ್ಟು ಬಿದ್ದಿದೆಯೋ ನೋಡಿ, ಅದೇ ಲೆಕ್ಕದಲ್ಲಿ ಪಾಲು ಮಾಡೋದು."

ಸಭಾಂಗಣದಲ್ಲಿ ಒಬ್ಬೊಬ್ಬರ ಮುಖವೂ ಅರಳುತ್ತಾ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಇಬ್ಬರಿಗೂ ಸೇರುವ ಓಟು! ಯಾರ ಮುಖವನ್ನೂ ಕೆಡಿಸದ ಓಟು! ಪೂರ್ತಿ ಹೆಸರು ಬೇರೆ ಯಾರಾದರೂ ಬರೆಯುತ್ತಾರೆ ಬಿಡು ಎಂದು ಅಷ್ಟೂ ಜನ ಒಟ್ಟಿಗೇ ಯೋಚಿಸಿದ್ದು ನನಗೆ ಕೇಳಿಸಿದಂತೆಯೇ ಆಯಿತು.

ಮತದಾನದ ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಬಿಳಿ ಕೈಗವಸುಗಳು ಹಿತ್ತಿಲ ತಂತಿಯ ಮೇಲೆ ಒಣಗುತ್ತಿವೆ. ಐದು ದಿನದ ಕೊಳೆ ಹೋಗುವಂತೆ ಸೇಗೊ ಉಜ್ಜಿ ಒಗೆದು ಹಾಕಿದ್ದ. ಅವನವು ಮಾತ್ರ ಹಾಗೇ ಎಂಜಿನ್ ಎಣ್ಣೆ ಮೆತ್ತಿಕೊಂಡು ಮೂಲೆಯಲ್ಲಿ ಬಿದ್ದಿದ್ದವು. ನನಗೆ ಮೈಯೆಲ್ಲ ಉರಿಯಿತು. ಇಂಥ ಹೊತ್ತಿನಲ್ಲೇ ಒಳ್ಳೆಯವನಾಗಬೇಕಿತ್ತೇ ಈ ಮನುಷ್ಯ?

ಆ ಒಗೆದ ಕೈಗವಸು ತೊಟ್ಟುಕೊಂಡೇ ಮತಗಟ್ಟೆಗೆ ಹೋದೆ. ಪೆನ್ಸಿಲ್ ಹಿಡಿದೆ. ಎಲ್ಲರೂ ಬರೀ ಮನೆತನದ ಹೆಸರು ಬರೆದು, ಇವನಿಗೆ ಪೂರ್ತಿ ಹೆಸರಿನ ಒಂದು ಓಟೂ ಬೀಳದೆ ಹೋದರೆ? ಹದಿನಾರು ವರ್ಷ ವಾಂತಿ ಮಾಡಿಕೊಂಡು ಹಡಗಿನಲ್ಲಿ ಓಡಾಡಿದವನಿಗೆ ಸೊನ್ನೆಯೇ? ಒಂದೇ ಒಂದು ಓಟಿನಿಂದ ಏನಾಗಿಬಿಡುತ್ತದೆ ಎಂದುಕೊಂಡು, ದಪ್ಪ ಅಕ್ಷರದಲ್ಲಿ ‘ಅರಿಕಾವಾ ಸೇಗೊ’ ಎಂದು ಬರೆದು, ಮಡಚಿ, ಪೆಟ್ಟಿಗೆಯೊಳಗೆ ಹಾಕಿದೆ. ಅಣಬೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಅರವತ್ತೇಳು ಮತದಾರರು, ಅರವತ್ತೇಳು ಓಟು. ಇಷ್ಟು ಜನ ನಮ್ಮ ಮದುವೆಗೂ ಬಂದಿರಲಿಲ್ಲ. ಸಂಜೆ ಐದಕ್ಕೆ ಇನ್ನೂ ಚುರುಕು ಬಿಸಿಲಿರುವಾಗಲೇ ಎಣಿಕೆ ಶುರುವಾಯಿತು. ಮಾತ್ಸು ಸೇರಿ ಮೂವರು ಎಣಿಕೆಯ ಸಾಕ್ಷಿಗಳು. ಊರೆಲ್ಲ ಗೋಡೆಗೊರಗಿ ಕೂತಿತ್ತು. ಹಿರಾಟಾ ಒಂದೊಂದೇ ಚೀಟಿ ಬಿಡಿಸಿ ಓದತೊಡಗಿದ.

"ಅರಿಕಾವಾ. ಅರಿಕಾವಾ. ಅರಿಕಾವಾ."

ಹತ್ತಾಯಿತು, ಇಪ್ಪತ್ತಾಯಿತು. ಮೂವತ್ತರ ಹೊತ್ತಿಗೆ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಐವತ್ತಕ್ಕೆ ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಿದಳು.

"ನಗ್ಬೇಡಿ! ಪೂರ್ತಿ ಬರೀರಿ ಅಂತ ಬಡ್ಕೊಂಡೆನಲ್ಲ!" ಎಂದು ಹಿರಾಟಾ ಕಿರುಚಿದ.

"ನೀನು ಪೂರ್ತಿ ಬರೆದ್ಯೇನೋ?" ಎಂದ ಮಾತ್ಸು. ಹಿರಾಟಾನ ಕಿವಿ ಕೆಂಪಾಯಿತು.

ಅರವತ್ತನಾಲ್ಕು ಚೀಟಿ ಬರೀ ಅರಿಕಾವಾ. ಆಮೇಲೆ ಒಂದು, "ಅರಿಕಾವಾ ಸೇಗೊ." ನನ್ನದು. ಆಮೇಲೆ ಇನ್ನೊಂದು, "ಅರಿಕಾವಾ ಫುಮಿಯೆ."

ನನ್ನ ಹೆಸರನ್ನು ನಾನು ಬರೆದಿಲ್ಲ. ಹಾಗಾದರೆ? ಪಕ್ಕದಲ್ಲಿ ಕೂತಿದ್ದ ಗಂಡನತ್ತ ತಿರುಗಿದೆ. ಅವನು ಜೀವನದಲ್ಲೇ ಮೊದಲ ಸಲ ನೋಡುತ್ತಿದ್ದೇನೆ ಎಂಬಂತೆ ಶಾಲೆಯ ಚಾವಣಿ ನೋಡುತ್ತಿದ್ದ.

"ನೀವಾ?" ಎಂದು ಪಿಸುಗುಟ್ಟಿದೆ.

"ನಿಂಗೊಂದೂ ಬೀಳ್ದಿದ್ರೆ ಬೇಜಾರಾಗ್ತೀಯ ಅಂತ..." ಎಂದು ಗೊಣಗಿದ. "ಆ ಇನ್ನೊಂದು ನಿಂದಾ?"

ನಾನೂ ಚಾವಣಿ ನೋಡಿದೆ.

ಒಂದಕ್ಕೊಂದು ಸಮ. ಹೀಗೇ ಮುಗಿದರೆ ಅರವತ್ತನಾಲ್ಕೂ ಸರಿಪಾಲಾಗಿ, ಕೊನೆಗೆ ಚೀಟಿ ಎತ್ತಬೇಕು. ಕಚೇರಿ, ಶಾಲೆ, ನನ್ನ ಅಡುಗೆಮನೆ, ಎಲ್ಲವೂ ಒಂದು ಚೀಟಿಯ ಮೇಲೆ. ಹಿರಾಟಾ ಕೊನೆಯ ಓಟು ಬಿಡಿಸಿದ. ಓದಲಿಲ್ಲ. ತಿರುಗಿಸಿ ನೋಡಿದ, ಕನ್ನಡಕ ಒರೆಸಿಕೊಂಡು ನೋಡಿದ. ಆಮೇಲೆ ಮೆಲ್ಲಗೆ ಓದಿದ.

"‘ನಮ್ಮನೆಯ ಫುಮಿಯೆ.’"

ಗೋಡೆಗೊರಗಿದ್ದವರೆಲ್ಲ ಮುಂದಕ್ಕೆ ಬಗ್ಗಿದರು.

"ಹೆಸರಿನ ಜೊತೆ ಬೇರೇನೂ ಇರಬಾರದು ಅಂದ್ಯಲ್ಲ?" ಎಂದ ಮಾತ್ಸು. "ರದ್ದು ಮಾಡ್ಬೇಕಾ?"

ಹಿರಾಟಾ ನಿಯಮದ ಪುಸ್ತಕದ ಹಾಳೆ ಪರಪರ ತಿರುವಿದ. "ವಿಳಾಸ ಬರೆದಿದ್ರೆ ಪರವಾಗಿಲ್ಲ ಅಂತ ಇದೆ. ಕಸುಬು, ಗೌರವದ ಮಾತು, ಅದೂ ಪರವಾಗಿಲ್ಲ."

"‘ನಮ್ಮನೆ’ ಅನ್ನೋದು ವಿಳಾಸಾನಾ?"

"ಯಾರ ಮನೆ ಅಂತ ಗೊತ್ತಾದ್ರೆ ವಿಳಾಸ. ಆದ್ರೆ ಯಾರು ಬರೆದ್ರು ಅಂತ ಕೇಳೋ ಹಾಗಿಲ್ಲ. ಮತ ಗುಟ್ಟು."

"ಹಂಗಾದ್ರೆ ರಾತ್ರಿಯೆಲ್ಲ ಇಲ್ಲೇ ಕೂತ್ಕೊಳೋದಾ?"

ಕಿವಿ ಮಂದವಾದ ಅತ್ತೆ ಮೂಲೆಯಿಂದ ಕೂಗಿದರು. "ಏನಂತೆ? ಯಾಕ್ ನಿಲ್ಸಿದ್ರಿ?" ನರ್ಸಮ್ಮ ಅವರ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಅತ್ತೆ ಕೋಲಿನಿಂದ ನೆಲ ಕುಟ್ಟಿದರು.

"ಲೋ ಹಿರಾಟಾ! ಅವಳು ಇರೋದು ನಮ್ಮನೇಲೇ ಅಲ್ವೇನೋ? ಮತ್ತಿನ್ನೇನು ವಿಳಾಸ ಬೇಕೋ ನಿಂಗೆ?"

"ಅಜ್ಜೀ! ನಾನೇನೂ ಕೇಳಿಸ್ಕೊಂಡಿಲ್ಲ!" ಎಂದು ಹಿರಾಟಾ ಎರಡೂ ಕಿವಿ ಮುಚ್ಚಿಕೊಂಡ. ಆದರೆ ಉಳಿದವರೆಲ್ಲರಿಗೂ ಕೇಳಿಸಿತ್ತು. ಚಾವಣಿ ಹಾರಿ ಬೀಳುವಂತೆ ನಗು. ಮೂವರು ಸಾಕ್ಷಿಗಳೂ ಕಣ್ಣೊರೆಸಿಕೊಳ್ಳುತ್ತಾ ಕೈ ಎತ್ತಿದರು: ವಿಳಾಸವೇ ಸರಿ, ಓಟು ಊರ್ಜಿತ.

ಪೂರ್ತಿ ಓಟು ನನಗೆ ಎರಡು, ಅವನಿಗೆ ಒಂದು. ಅರವತ್ತನಾಲ್ಕನ್ನು ಅದೇ ಲೆಕ್ಕದಲ್ಲಿ ಪಾಲು ಹಾಕಲು ಹಿರಾಟಾನಿಗೆ ಕ್ಯಾಲ್ಕುಲೇಟರ್ ಮೂರು ಸಲ ಒತ್ತಬೇಕಾಯಿತು. "ಅರಿಕಾವಾ ಫುಮಿಯೆ, ನಲವತ್ತನಾಲ್ಕು ಪಾಯಿಂಟ್ ಆರು ಆರು ಆರು. ಅರಿಕಾವಾ ಸೇಗೊ, ಇಪ್ಪತ್ತೆರಡು ಪಾಯಿಂಟ್ ಮೂರು ಮೂರು ಮೂರು."

"ಕೂಡಿದ್ರೆ ಒಂಚೂರು ಕಮ್ಮಿ ಬರುತ್ತಲ್ಲೋ," ಎಂದ ಮಾತ್ಸು. "ಆ ಚೂರು ಯಾರದು?"

"ನಂದಿರ್ಬೇಕು," ಎಂದು ನನ್ನ ಗಂಡ ಎದ್ದು, ಸೊಂಟ ಪೂರ್ತಿ ಬಗ್ಗಿಸಿ ನನಗೆ ವಂದಿಸಿದ. "ಅಧ್ಯಕ್ಷರೇ, ಇನ್ಮೇಲೆ ವಾಂತಿ ನಿಮ್ಮದು." ಅವನ ಮುಖದಲ್ಲಿ ಸೋತವನ ಕಳೆಯೇ ಇರಲಿಲ್ಲ. ಹದಿನಾರು ವರ್ಷದ ಹೊರೆ ಇಳಿಸಿದವನ ಹಾಗೆ ನಗುತ್ತಿದ್ದ.

ನಾನು ಅತ್ತೆಯ ಹತ್ತಿರ ಹೋಗಿ ಮಂಡಿಯೂರಿ ಕೂತೆ. "ಮಗನಿಗೇ ಓಟು ಅಂತ ಊರೆಲ್ಲ ಸಾರ್ಕೊಂಡು ಬಂದ್ರಲ್ಲ ಅತ್ತೆ?"

"ಕಚೇರಿ ಹಿಂದೆ ಅವನು ಹೋದ್ರೆ ಹೋಗ್ತಾನೆ, ಅವ್ವ ಇಲ್ಲಿದಾಳೆ ಅಂತ ಬಂದೇ ಬರ್ತಾನೆ," ಎಂದರು ಅತ್ತೆ ನನ್ನತ್ತ ನೋಡದೆ. "ನೀನು ಹೋದ್ರೆ ಬರ್ತೀಯ ಅಂತ ನಂಗೇನು ಗ್ಯಾರಂಟಿ?"

ನಾನು ಅವರ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಗೆದ್ದ ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡು ಊರೆಲ್ಲ ಚಪ್ಪಾಳೆ ತಟ್ಟಿತು. ತಟ್ಟಲಿ ಬಿಡಿ.